ಹಾಲ್ ಕಟ್ಟೋಕೆ ದುಡ್ಡಿದೆ, ಟೀಚರ್ ಸಂಬಳಕ್ಕಿಲ್ಲ. ಹಳೆ ವಿದ್ಯಾರ್ಥಿಗಳು ಏನು ಮಾಡಬೇಕು?

ಹಿಂದಿನ ಬೆಂಚು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಓದಿದ್ದು ಮಲೆನಾಡಿನ ಒಂದು ಹಳ್ಳಿಯ ಕನ್ನಡ ಮಾಧ್ಯಮ ಶಾಲೆ. ಒಂದರಿಂದ ಹತ್ತರವರೆಗೆ ಇದೆ. ಸರ್ಕಾರಿ ಅಲ್ಲ, ಅನುದಾನಿತವೂ ಅಲ್ಲ. ಊರಿನವರೇ ಒಂದು ಸೊಸೈಟಿ ಮಾಡಿಕೊಂಡು 1996ರಲ್ಲಿ ಶುರು ಮಾಡಿದ್ದು. ಈಗ ಮೂವತ್ತು ವರ್ಷ ಆಯಿತು ಅಂತ ಆಡಳಿತ ಮಂಡಳಿಯಿಂದ ಕಾಗದ ಬಂದಿದೆ. ಸಭಾಭವನ ಕಟ್ಟಿಸುತ್ತಾರಂತೆ. ಒಂದು ಲಕ್ಷ ಕೊಟ್ಟರೆ ಗ್ರಾನೈಟ್ ಕಲ್ಲಿನ ಮೇಲೆ ಹೆಸರು. ಇಪ್ಪತ್ತೈದು ಸಾವಿರಕ್ಕೆ ಗೋಡೆ ಮೇಲೆ. ಐದು ಸಾವಿರಕ್ಕೆ ಸ್ಮರಣ ಸಂಚಿಕೆಯಲ್ಲಿ.

ಒಂದು ಲಕ್ಷ ಕೊಡೋಣ ಅಂತಲೇ ಊರಿಗೆ ಹೋದೆ. ನಮಗೆ ವಿಜ್ಞಾನ ಕಲಿಸಿದ ಟೀಚರ್ ಇನ್ನೂ ಅಲ್ಲೇ ಇದ್ದಾರೆ. ಬಿ.ಎಡ್. ಆಗಿದೆ, ಇಪ್ಪತ್ತೆರಡು ವರ್ಷದ ಸರ್ವಿಸ್. ಸಂಬಳ ಹನ್ನೊಂದು ಸಾವಿರ. ಅದೂ ಮೂರು ತಿಂಗಳಿಂದ ಬಂದಿಲ್ಲ. ಇದನ್ನು ಅವರು ಹೇಳಲಿಲ್ಲ. ಅವರಿಗೆ ಕಡ ಕೊಡುವ ಅಂಗಡಿಯವರು ಹೇಳಿದರು.

ಹತ್ತನೇ ಕ್ಲಾಸಿನ ರೂಮಿನಲ್ಲಿ ಒಂದು ಫ್ಯಾನ್ ಇದೆ. ಮೂರು ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ನಮ್ಮ ಅಪ್ಪನ ಹೆಸರು. 2011ರಲ್ಲಿ ಅಪ್ಪ ತೀರಿಕೊಂಡಾಗ ನಾನೇ ಕೊಡಿಸಿದ್ದು. ತಿರುಗುವಾಗ ಹೆಸರು ಕಾಣುತ್ತಿರಲಿಲ್ಲ. ಈಗ ಕೆಟ್ಟು ನಿಂತಿದೆ, ಚೆನ್ನಾಗಿ ಕಾಣಿಸುತ್ತದೆ.

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನದಿಂದ ಜಗಳ. ಅರ್ಧ ಜನ ಹಾಲ್‌ಗೆ ಕೊಡೋಣ ಅಂತಾರೆ, ಅರ್ಧ ಜನ ಸುಮ್ಮನಿದ್ದಾರೆ. ನಾನು ಸಂಬಳದ ಮಾತು ಎತ್ತಿದ್ದಕ್ಕೆ ಒಬ್ಬ "ಸಂಬಳ ಕೊಡೋದು ಮ್ಯಾನೇಜ್‌ಮೆಂಟ್ ಕೆಲಸ, ನಮ್ಮದಲ್ಲ" ಅಂದ. ನಿಮ್ಮೂರಿನ ಶಾಲೆಗಳಲ್ಲಿ ಇದನ್ನು ಹೇಗೆ ಮಾಡುತ್ತಾರೆ?

ಕಡಲಕರೆ:

ಫ್ಯಾನಿನ ಕಥೆ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ ಮಾರಾಯ್ರೇ. ನಮ್ಮ ಶಾಲೆಯಲ್ಲಿ ಟ್ಯೂಬ್‌ಲೈಟ್ ಪಟ್ಟಿಯ ಮೇಲೂ ದಾನಿಗಳ ಹೆಸರಿದೆ. ಕಬ್ಬಿಣದ ಕಪಾಟಿನ ಬಾಗಿಲು ತುಂಬಾ ಹೆಸರು. ಒಳಗೆ ಪುಸ್ತಕ ಇಲ್ಲ.

ನಮ್ಮ ಕಡೆ ವಾರ್ಷಿಕೋತ್ಸವಕ್ಕೆ ಹೊರೆಕಾಣಿಕೆ ಬರುತ್ತದೆ. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಚೆಂಡೆ ಹೊಡೆದುಕೊಂಡು ಮೆರವಣಿಗೆಯಲ್ಲಿ ತರುತ್ತಾರೆ. ಎರಡು ದಿನ ಊರಿಗೆಲ್ಲ ಊಟ. ಕೊಡುವ ಮನಸ್ಸು ಇಲ್ಲ ಅಂತ ಹೇಳುವ ಹಾಗೇ ಇಲ್ಲ. ಆದರೆ ಅದೇ ಜನರ ಹತ್ತಿರ ಸಂಬಳಕ್ಕೆ ತಿಂಗಳಿಗೆ ಇನ್ನೂರು ಕೊಡಿ ಅಂದರೆ ಆಕಾಶ ನೋಡುತ್ತಾರೆ.

ನೇರಮಾತು:

ಎಲ್ಲರಿಗೂ ಸಿಟ್ಟು ಬರಬಹುದು, ಆದರೂ ಕೇಳುತ್ತೇನೆ. ಈ ಶಾಲೆ ಯಾಕೆ ಉಳಿಯಬೇಕು? ಸರ್ಕಾರಿ ಶಾಲೆ ಇದೆ. ಅಲ್ಲಿ ಸಂಬಳ ಸರ್ಕಾರದ್ದು. ಊಟ, ಪುಸ್ತಕ ಫ್ರೀ. ನಿಮ್ಮ ಒಂದು ಲಕ್ಷ ಅಲ್ಲಿಗೆ ಕೊಟ್ಟರೆ ಪೂರ್ತಿ ಮಕ್ಕಳಿಗೇ ಸೇರುತ್ತದೆ.

ಹರೇಕಳ ಹಾಜಬ್ಬರನ್ನು ನೋಡಿ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣಿನ ಬುಟ್ಟಿ ಹೊತ್ತು ಮಾರಿ ಉಳಿಸಿದ ದುಡ್ಡು. ತಮ್ಮೂರಿಗೆ ಖಾಸಗಿ ಶಾಲೆ ಮಾಡಿಕೊಳ್ಳಲಿಲ್ಲ, ಸರ್ಕಾರಿ ಶಾಲೆ ತರಿಸಿದರು. 2020ರಲ್ಲಿ ಪದ್ಮಶ್ರೀ ಬಂತು. ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌಧರಿ ಅವರು ಎರಡು ಎಕರೆ ಜಮೀನನ್ನೇ ಸರ್ಕಾರಿ ಶಾಲೆಗೆ ಬರೆದುಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದರು. ಕೊಡುವುದಾದರೆ ಹಾಗೆ ಕೊಡಬೇಕು. ಸೊಸೈಟಿ ಹೆಸರಲ್ಲಿರುವ ಜಾಗಕ್ಕೆ ನಾವು ಯಾಕೆ ಕಲ್ಲು ಹೊರಬೇಕು?

ಹಿಂದಿನ ಬೆಂಚು:

ನೇರಮಾತು ಅವರೇ, ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮೂರಲ್ಲಿ ಸರ್ಕಾರಿ ಶಾಲೆ ಐದನೇ ಕ್ಲಾಸಿನವರೆಗೆ ಇದೆ. ಸರ್ಕಾರಿ ಹೈಸ್ಕೂಲು ಒಂಬತ್ತು ಕಿಲೋಮೀಟರ್. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ನಮ್ಮ ಶಾಲೆ ಮುಚ್ಚಿದರೆ ಹುಡುಗರು ಹೇಗೋ ಹೋಗುತ್ತಾರೆ. ಹುಡುಗಿಯರನ್ನು ಮನೆಯವರು ಬಿಡಿಸುತ್ತಾರೆ. 1996ರಲ್ಲಿ ಶಾಲೆ ಶುರುವಾಗಿದ್ದೇ ಈ ಕಾರಣಕ್ಕೆ.

ಸೀಮೆಸುಣ್ಣ:

ನಾನು ಇಂಥದೇ ಒಂದು ಶಾಲೆಯಲ್ಲಿ ಮುಖ್ಯಶಿಕ್ಷಕಿಯಾಗಿದ್ದು ನಿವೃತ್ತಿಯಾದವಳು. ಹೊರಗಿನವರಿಗೆ ಗೊತ್ತಿಲ್ಲದ ಒಂದೆರಡು ವಿಷಯ ಹೇಳುತ್ತೇನೆ.

"1995ರ ನಂತರ" ಅನ್ನುವ ಮಾತು ನಮ್ಮ ಸ್ಟಾಫ್‌ರೂಮಿನಲ್ಲಿ ದಿನಾ ಕೇಳಿಬರುತ್ತಿತ್ತು. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಅನುದಾನಕ್ಕೆ ಸೇರಿಸಿ ಅನ್ನುವುದು ಎಷ್ಟೋ ವರ್ಷದ ಬೇಡಿಕೆ. ಧರಣಿ, ಮನವಿ, ಭರವಸೆ, ಮತ್ತೆ ಧರಣಿ. ಒಂದೆರಡು ವರ್ಷ ಮೊದಲು ಶುರುವಾದ ಪಕ್ಕದ ಊರಿನ ಶಾಲೆಯ ಮೇಷ್ಟ್ರಿಗೆ ಸರ್ಕಾರಿ ಸಂಬಳ ಬರುತ್ತದೆ. ಅದೇ ಪಾಠ, ಅದೇ ಪುಸ್ತಕ, ಅದೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾಡಿಸುವ ನಮ್ಮವರಿಗೆ ಮಕ್ಕಳ ಫೀಸೇ ಗತಿ. ಆ ಫೀಸಾದರೂ ಎಷ್ಟು? ಕೂಲಿ ಮಾಡುವವರ ಮಕ್ಕಳು, ಸಣ್ಣ ಹಿಡುವಳಿಯವರ ಮಕ್ಕಳು. ಕೇಳುವುದಕ್ಕೂ ಬಾಯಿ ಬರುವುದಿಲ್ಲ.

ಮಧ್ಯಾಹ್ನದ ಬಿಸಿಯೂಟ ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಮಾತ್ರ. 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲೂ ಅಷ್ಟೇ. ನಮ್ಮ ಮಕ್ಕಳು ಪಠ್ಯಪುಸ್ತಕಕ್ಕೂ ದುಡ್ಡು ಕೊಡಬೇಕು. ರಸ್ತೆಯ ಆಚೆ ಬದಿಯ ಶಾಲೆಯಲ್ಲಿ ಒಗ್ಗರಣೆ ವಾಸನೆ ಬರುವಾಗ ಈಚೆ ನಮ್ಮ ಮಕ್ಕಳು ತಣ್ಣಗಿನ ಡಬ್ಬಿ ತೆಗೆಯುತ್ತಿದ್ದರು. ಕೆಲವರು ಡಬ್ಬಿಯೇ ತರುತ್ತಿರಲಿಲ್ಲ. "ಹಸಿವಿಲ್ಲ ಮಿಸ್" ಅನ್ನುತ್ತಿದ್ದರು.

ಇನ್ನು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ. ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ಇಟ್ಟ ಶೇ 25 ಸೀಟಿಗೆ ಸರ್ಕಾರ ಫೀಸು ಕಟ್ಟುತ್ತಿತ್ತು. ತಡವಾಗಿ ಬಂದರೂ ಬರುತ್ತಿತ್ತು. ನಮ್ಮಂಥ ಸಣ್ಣ ಶಾಲೆಗೆ ಅದೇ ಒಂದು ಉಸಿರು. ಆಮೇಲೆ ರಾಜ್ಯದ ನಿಯಮ ಬದಲಾಯಿತು. 2019-20ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಹೊಸ ಆರ್‌ಟಿಇ ಸೀಟಿಲ್ಲ. ಸರ್ಕಾರಿ ಶಾಲೆ ಉಳಿಯಲಿ ಅನ್ನುವ ಉದ್ದೇಶ ನನಗೂ ಒಪ್ಪಿಗೆಯೇ. ಆದರೆ ದೊಡ್ಡ ಊರಿನ ದೊಡ್ಡ ಶಾಲೆಗೆ ಅದರಿಂದ ಏನೂ ಆಗಲಿಲ್ಲ. ನಮ್ಮಂಥವರಿಗೆ ಪೆಟ್ಟು ಬಿತ್ತು.

ಹಾಲ್ ಬೇಡ ಅಂತ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಪ್ರಾರ್ಥನೆಗೆ ನಿಲ್ಲಿಸಲು ಜಾಗ ಇಲ್ಲದೆ ಎಷ್ಟು ಒದ್ದಾಡಿದ್ದೇನೆ, ನನಗೆ ಗೊತ್ತು.

ಬೆಂಗಳೂರಿನ ಅಮ್ಮ:

ನನಗೆ "ಡೊನೇಷನ್" ಅನ್ನುವ ಪದ ಕೇಳಿದರೇ ಮೈ ಉರಿಯುತ್ತದೆ. ಮಗಳ ಎಲ್‌ಕೆಜಿ ಸೀಟಿಗೆ ಒಂದು ಶಾಲೆಯಲ್ಲಿ "ಸ್ವಂತ ಇಚ್ಛೆಯಿಂದ ಕೊಡುತ್ತಿದ್ದೇನೆ" ಅಂತ ಬರೆಸಿಕೊಂಡು ಎಪ್ಪತ್ತು ಸಾವಿರ ತೆಗೆದುಕೊಂಡರು. ಇಚ್ಛೆ ಅವರದ್ದು, ಸಹಿ ನನ್ನದು. ಇಲ್ಲಿ ನೀವೆಲ್ಲ ದಾನ ಅಂತ ಮಾತಾಡುತ್ತಿರುವುದನ್ನು ನೋಡಿದರೆ ಯಾವುದೋ ಬೇರೆ ದೇಶದ ಕಥೆ ಅನಿಸುತ್ತಿದೆ.

ಆಡಿಟ್ ಅಣ್ಣ:

ಅಮ್ಮನವರೇ, ನೀವು ಕೊಟ್ಟಿದ್ದಕ್ಕೆ ದಾನ ಅಂತ ಹೆಸರಲ್ಲ. ಸೀಟಿಗೆ ಬದಲಾಗಿ ಕೇಳಿದ ದುಡ್ಡು ಕ್ಯಾಪಿಟೇಷನ್. ಕರ್ನಾಟಕದಲ್ಲಿ ಅದನ್ನು ನಿಷೇಧಿಸಿದ ಕಾನೂನು 1984ರದ್ದು. ಆರ್‌ಟಿಇ ಕಾಯ್ದೆಯ 13ನೇ ಕಲಮಿನಲ್ಲೂ ಇದೆ. ತೆಗೆದುಕೊಂಡ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು. ನನ್ನ ಹತ್ತಿರ ಬರುವ ಪೋಷಕರು ಇಂಥ ರಸೀದಿ ಹಿಡಿದುಕೊಂಡು "80ಜಿ ಸಿಗುತ್ತದಾ?" ಅಂತ ಕೇಳುತ್ತಾರೆ. 80ಜಿ ಅಂದರೆ ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ, ಹಳೆ ತೆರಿಗೆ ಕಾಯ್ದೆಯ ಕಲಮಿನ ಹೆಸರು. ಸೀಟಿನ ಜೊತೆ ಗಂಟು ಹಾಕಿದ್ದಕ್ಕೆ ಸಿಗುವುದಿಲ್ಲ. ಟ್ಯೂಷನ್ ಫೀಸಿಗೆ ಸಿಗುವ ವಿನಾಯಿತಿಯಲ್ಲಿ ತೋರಿಸೋಣ ಅಂದರೆ ಅದಕ್ಕೂ ಆಗುವುದಿಲ್ಲ.

ಹಿಂದಿನ ಬೆಂಚು ಅವರಿಗೆ. ಕೊಡುವ ಮೊದಲು ಶಾಲೆಯ ಸೊಸೈಟಿಗೆ ಧರ್ಮಾರ್ಥ ಸಂಸ್ಥೆ ಅಂತ ತೆರಿಗೆ ಇಲಾಖೆಯ ನೋಂದಣಿ, 80ಜಿ ಮಾನ್ಯತೆ ಎರಡೂ ಇದೆಯಾ ನೋಡಿ. ಇದ್ದರೆ ನಿಮ್ಮ ಪ್ಯಾನ್ ಕೊಟ್ಟು ರಸೀದಿ ತೆಗೆದುಕೊಳ್ಳಿ. ಈಗ ಬರೀ ರಸೀದಿ ಸಾಲದು. ಸಂಸ್ಥೆಯವರು ದಾನಿಗಳ ಪಟ್ಟಿಯನ್ನು ತೆರಿಗೆ ಇಲಾಖೆಗೆ ಸಲ್ಲಿಸಬೇಕು, ಆಮೇಲೆ ನಿಮಗೆ ದಾನದ ಸರ್ಟಿಫಿಕೇಟ್ ಬರುತ್ತದೆ. ನಗದಾಗಿ ಎರಡು ಸಾವಿರಕ್ಕಿಂತ ಜಾಸ್ತಿ ಕೊಟ್ಟರೆ ವಿನಾಯಿತಿ ಇಲ್ಲ. ಫ್ಯಾನು, ಬೆಂಚು, ಅಕ್ಕಿ ಕೊಟ್ಟರೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಜಿ ಮರೆತುಬಿಡಿ.

ಹಳೆ ಪದ್ಧತಿಯವರಿಗೂ ಒಂದು ಮಾತು. ಇಪ್ಪತ್ತು ಸಾವಿರ ಕೊಟ್ಟರೆ ಅರ್ಧ, ಅಂದರೆ ಹತ್ತು ಸಾವಿರ, ನಿಮ್ಮ ಆದಾಯದಿಂದ ಕಳೆಯುತ್ತದೆ. ತೆರಿಗೆಯಿಂದ ಅಲ್ಲ. ಶೇ 30ರ ಹಂತದಲ್ಲಿ ಇರುವವರಿಗೆ ಉಳಿಯುವುದು ಸುಮಾರು ಮೂರು ಸಾವಿರ. ಈ ಮೂರು ಸಾವಿರಕ್ಕೋಸ್ಕರ ವರ್ಷವಿಡೀ ಫೋನ್ ಮಾಡಿ ಸಣ್ಣ ಶಾಲೆಯ ಗುಮಾಸ್ತರ ಪ್ರಾಣ ತಿನ್ನುವ ದಾನಿಗಳನ್ನು ನೋಡಿದ್ದೇನೆ.

ಕಡಲಕರೆ:

ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ಟರ ಸ್ವಂತ ಫೋನ್ ನಂಬರಿಗೆ ದುಡ್ಡು ಹಾಕಿ ಅನ್ನುತ್ತಾರೆ. ಅವರು ದೇವರಂಥ ಮನುಷ್ಯ. ಆದರೂ...

ಆಡಿಟ್ ಅಣ್ಣ:

ದೇವರಂಥ ಮನುಷ್ಯ ಅಂತಲೇ ಹಾಗೆ ಮಾಡಬಾರದು. ನಾಳೆ ಅವರ ಸ್ವಂತ ಖಾತೆಗೆ ನೋಟಿಸ್ ಬಂದರೆ ಉತ್ತರ ಕೊಡುವವರು ಯಾರು? ಸೊಸೈಟಿ ಹೆಸರಿನ ಖಾತೆಗೆ ಮಾತ್ರ ಹಾಕಿ.

ದೂರದೂರು:

ನಾನು ಅಮೆರಿಕದಲ್ಲಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಶಾಲೆಗೆ ದುಡ್ಡು ಕಳಿಸಲು ಹೋದೆ. ಶಾಲೆಯವರು "ಬೇಡಪ್ಪಾ, ನೀನು ಅಲ್ಲಿಯ ಪೌರ, ನಿನ್ನ ದುಡ್ಡು ಮುಟ್ಟಿದರೆ ನಮಗೆ ತೊಂದರೆ" ಅಂದರು. ತುಂಬಾ ಬೇಜಾರಾಯಿತು. ಓಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವುದು) ಇದೆ, ಇದೇ ಶಾಲೆಯ ಅಂಗಳದಲ್ಲಿ ಕಸ ಗುಡಿಸಿದ್ದೇನೆ, ಆದರೂ ನಾನು ವಿದೇಶಿ!

ಆಡಿಟ್ ಅಣ್ಣ:

ಶಾಲೆಯವರು ಸರಿಯಾಗಿಯೇ ಹೇಳಿದ್ದಾರೆ. ವಿದೇಶಿ ದೇಣಿಗೆ ಕಾಯ್ದೆ, ನಾವು ಎಫ್‌ಸಿಆರ್‌ಎ ಅನ್ನುವುದು, ಪಾಸ್‌ಪೋರ್ಟ್ ನೋಡುತ್ತದೆ, ಬೇರು ನೋಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ ನೀವು ಎಲ್ಲೇ ದುಡಿಯಲಿ, ಬ್ಯಾಂಕಿನ ಮೂಲಕ ಕೊಟ್ಟ ನಿಮ್ಮ ಉಳಿತಾಯ ವಿದೇಶಿ ದೇಣಿಗೆ ಅಲ್ಲ. ಪೌರತ್ವ ಬದಲಾಗಿದ್ದರೆ, ಓಸಿಐ ಇದ್ದರೂ, ಅದು ವಿದೇಶಿ ದೇಣಿಗೆ. ತೆಗೆದುಕೊಳ್ಳಲು ಸಂಸ್ಥೆಗೆ ನೋಂದಣಿ ಇರಬೇಕು. 2020ರ ತಿದ್ದುಪಡಿ ಆದಮೇಲೆ ಆ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಕೇಳಬೇಕಾದರೆ ಹಿಂದಿನ ಮೂರು ವರ್ಷದಲ್ಲಿ ಹದಿನೈದು ಲಕ್ಷ ಖರ್ಚು ಮಾಡಿದ ಲೆಕ್ಕವನ್ನೂ ತೋರಿಸಬೇಕು. ಹಳ್ಳಿ ಶಾಲೆಗೆ ಇಷ್ಟೆಲ್ಲ ಓಡಾಡಲು ಆಗುತ್ತದಾ?

ಮತ್ತೆ, ನಿಮ್ಮ ದುಡ್ಡನ್ನು ಊರಲ್ಲಿರುವ ತಮ್ಮನ ಖಾತೆಗೆ ಹಾಕಿ ಅವನ ಹೆಸರಲ್ಲಿ ಕೊಡಿಸುವ ಉಪಾಯ ಎಲ್ಲರೂ ಹೇಳಿಕೊಡುತ್ತಾರೆ. ನಾನು ಹೇಳಿಕೊಡುವುದಿಲ್ಲ.

ದೂರದೂರು:

ಅರ್ಥವಾಯಿತು. ನಾನೀಗ ಬೇರೆ ದಾರಿ ಹಿಡಿದಿದ್ದೇನೆ. ಪ್ರತಿ ಶನಿವಾರ ರಾತ್ರಿ ಇಲ್ಲಿಂದ ವಿಡಿಯೋ ಕರೆಯಲ್ಲಿ ಎಂಟನೇ ಕ್ಲಾಸಿಗೆ ಗಣಿತ ಹೇಳುತ್ತೇನೆ, ಅವರಿಗೆ ಭಾನುವಾರ ಬೆಳಿಗ್ಗೆ. ಕರೆಂಟ್ ಇದ್ದರೆ. ಹನ್ನೆರಡು ಮಕ್ಕಳು ಬರುತ್ತಾರೆ. ಅದಕ್ಕೆ ಯಾವ ನೋಂದಣಿಯೂ ಬೇಡ.

ಮಂಡಳಿಯವ:

ಆಡಳಿತ ಮಂಡಳಿಯವರನ್ನು ಎಲ್ಲರೂ ಬೈಯುತ್ತಿದ್ದೀರಿ. ನಾನೂ ಅಂಥದೇ ಒಂದು ಮಂಡಳಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಬೇರೆ ಊರು. ನಮ್ಮ ಕಷ್ಟವನ್ನೂ ಕೇಳಿ.

ನಾವು ಸಂಬಳಕ್ಕೇ ಅಂತ ಕಾಗದ ಬರೆದಿದ್ದೆವು. ಇನ್ನೂರು ಕಾಗದ, ಅಂಚೆ ಖರ್ಚು ನಮ್ಮದೇ. ಉತ್ತರ ಬಂದಿದ್ದು ಹದಿನಾಲ್ಕು. ಮರುವರ್ಷ "ಶೌಚಾಲಯ ಕಟ್ಟಿಸುತ್ತೇವೆ" ಅಂತ ಬರೆದೆವು, ತೊಂಬತ್ತು ಜನ ಕೊಟ್ಟರು. ಇಟ್ಟಿಗೆ, ಸಿಮೆಂಟು ಅಂದರೆ ಜನ ನಂಬುತ್ತಾರೆ. ಕಣ್ಣಿಗೆ ಕಾಣುತ್ತದೆ, ಫೋಟೋ ತೆಗೆಯಬಹುದು. ಸಂಬಳ ಅಂದರೆ "ಯಾರ ಜೇಬಿಗೋ" ಅಂತಾರೆ. ಮಂಡಳಿಗೆ ಬಾಡಿಗೆಯ ಲೆಕ್ಕವೂ ಇರುತ್ತದೆ. ಹಾಲ್ ಇದ್ದರೆ ಮದುವೆಗೆ ಕೊಡಬಹುದು, ತಾಳಮದ್ದಲೆಗೆ ಕೊಡಬಹುದು. ಆ ಬಾಡಿಗೆಯಿಂದಲೇ ನಮ್ಮಲ್ಲಿ ಇಬ್ಬರು ಶಿಕ್ಷಕರ ಸಂಬಳ ನಡೆಯುತ್ತಿದೆ. (ಪ್ರಿಪರೇಟರಿ ಪರೀಕ್ಷೆ ದಿನವೇ ಪಕ್ಕದಲ್ಲಿ ವಾಲಗ ಊದುತ್ತಿರುತ್ತದೆ, ಅದು ಬೇರೆ ಮಾತು.)

ನಮ್ಮ ಶಾಲೆ ಶುರುವಾದಾಗ ಹಿರಿಯರು ಮಾಡಿದ್ದು ಕೇಳಿ. ಅಡಿಕೆ ಬೆಳೆಗಾರರು ಸಹಕಾರಿ ಸೊಸೈಟಿಯಲ್ಲಿ ಅಡಿಕೆ ಮಾರಿದಾಗ ಕ್ವಿಂಟಲಿಗೆ ಇಷ್ಟು ರೂಪಾಯಿ ಶಾಲೆಗೆ ಹಿಡಿದುಕೊಳ್ಳಿ ಅಂತ ಬರೆದುಕೊಟ್ಟಿದ್ದರು. ದುಡ್ಡು ಕೈಗೆ ಬರುವ ಮೊದಲೇ ಶಾಲೆಗೆ ಹೋಗುತ್ತಿತ್ತು. ತೋಟ ಇಲ್ಲದವರ ಮನೆಯಲ್ಲಿ ಮುಷ್ಟಿ ಅಕ್ಕಿ ಡಬ್ಬಿ. ದಿನಾ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ಅದರೊಳಗೆ. ತಿಂಗಳಿಗೊಮ್ಮೆ ಹುಡುಗರು ಚೀಲ ಹಿಡಿದು ಹೋಗಿ ತರುತ್ತಿದ್ದರು. ಹೊರ ಊರಿನಿಂದ ಬಂದ ಮೇಷ್ಟ್ರ ಊಟ ಅದರಲ್ಲೇ ನಡೆಯುತ್ತಿತ್ತು. ಆ ತಲೆಮಾರು ಹೋಯಿತು. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಗ್ರಾನೈಟ್ ಬೇಕು.

ನೇರಮಾತು:

ಗ್ರಾನೈಟ್ ಬೇಕು ಅಂತ ಅವರು ಕೇಳಿದರಾ, ನೀವೇ ಆಸೆ ತೋರಿಸಿದಿರಾ?

ಮಂಡಳಿಯವ:

ಎರಡೂ.

ಸೀಮೆಸುಣ್ಣ:

ಮುಷ್ಟಿ ಅಕ್ಕಿಯ ಮಾತು ಬಂದಿದ್ದು ಒಳ್ಳೆಯದಾಯಿತು. ನಾನು ಮೂಲತಃ ಬೆಳಗಾವಿ ಕಡೆಯವಳು. ನಮ್ಮ ಕಡೆ ಕೆಎಲ್‌ಇ ಶಿಕ್ಷಣ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳು ಜನ ಶಿಕ್ಷಕರು. ಈಗಲೂ ಅವರನ್ನು ಸಪ್ತರ್ಷಿಗಳು ಅಂತಲೇ ಕರೆಯುತ್ತಾರೆ. ಅದಕ್ಕೂ ಮೊದಲು ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ಬರೆದಿಟ್ಟು ಹೋದರು. ಯಾತಕ್ಕೆ? ಸಮಾಜದ ಮಕ್ಕಳು ಓದಲಿ ಅಂತ. ಆ ಆಸ್ತಿಯಿಂದ ಆದ ಟ್ರಸ್ಟಿನ ನೆರವಿನಿಂದ ಓದಿದವರು ಒಂದಿಬ್ಬರಲ್ಲ. ತುಮಕೂರಿನ ಸಿದ್ಧಗಂಗಾ ಮಠಕ್ಕೆ ಭಕ್ತರು ಈಗಲೂ ರಾಗಿ, ಅಕ್ಕಿ, ತರಕಾರಿ ಗಾಡಿಗಟ್ಟಲೆ ತಂದು ಹಾಕುತ್ತಾರೆ. ಅಲ್ಲಿ ಓದುವ ಅಷ್ಟು ಸಾವಿರ ಮಕ್ಕಳ ಊಟ ದಿನಾ ಖರ್ಚಾಗುವ ಬಾಬತ್ತು, ಅದಕ್ಕೆ ಕಲ್ಲು ನೆಡಲು ಬರುವುದಿಲ್ಲ. ಹಾಗಾಗಿ ದಿನದ ಖರ್ಚಿಗೆ ಕೊಡುವುದು ನಮ್ಮ ಜನಕ್ಕೆ ಗೊತ್ತಿಲ್ಲದ್ದೇನಲ್ಲ. ಶಾಲೆಯ ಮಟ್ಟಿಗೆ ಮರೆತಿದ್ದೇವೆ.

ತಿಂಗಳ ಚೀಟಿ:

ನಮ್ಮ ಶಾಲೆಯಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ. ಮೊದಲ ಸಲ ಸೋತೆವು, ಅದನ್ನೂ ಹೇಳುತ್ತೇನೆ.

ನಮ್ಮ ಶಾಲೆಯ ಸಂಬಳದ ಖರ್ಚು ತಿಂಗಳಿಗೆ ಒಂದು ಲಕ್ಷ ಹತ್ತು ಸಾವಿರ. ಫೀಸಿನಿಂದ ಅರವತ್ತು ಸಾವಿರ ಏಳುತ್ತದೆ. ಐವತ್ತು ಸಾವಿರ ಖೋತಾ. ನೂರು ಜನ ತಿಂಗಳಿಗೆ ಐನೂರು ಕೊಟ್ಟರೆ ಮುಗಿಯಿತಲ್ಲ ಅಂತ ಶುರು ಮಾಡಿದೆವು. ಮೊದಲ ತಿಂಗಳು 112 ಜನ. ನಾಲ್ಕನೇ ತಿಂಗಳು 70. ಎಂಟನೇ ತಿಂಗಳು 31. ಯಾರಿಗೂ ಕೊಡಬಾರದು ಅಂತ ಇರಲಿಲ್ಲ. ಮರೆಯುತ್ತಾರೆ. ಖಜಾಂಚಿ ನೆನಪು ಮಾಡಿದರೆ "ಏನಯ್ಯಾ ಸಾಲಗಾರನ ಹಾಗೆ ಕೇಳ್ತೀಯಾ" ಅಂತಾರೆ. ಅವನೂ ಬೇಸತ್ತು ಬಿಟ್ಟ.

ಆಮೇಲೆ ಒಬ್ಬರು ಹೇಳಿದರು: ತಿಂಗಳು ತಿಂಗಳು ಎಲ್ಲರನ್ನೂ ಕೇಳಬೇಡಿ, ಒಂದು ಬ್ಯಾಚಿಗೆ ಒಂದು ತಿಂಗಳು ಕೊಟ್ಟುಬಿಡಿ. ಹನ್ನೆರಡು ಬ್ಯಾಚು, ಹನ್ನೆರಡು ತಿಂಗಳು. ಒಂದು ಬ್ಯಾಚಿನಲ್ಲಿ ನಲವತ್ತು ಜನ ಇದ್ದರೆ ತಲೆಗೆ 1,250 ರೂಪಾಯಿ, ವರ್ಷಕ್ಕೆ ಒಂದೇ ಸಲ. ಅವರವರ ತಿಂಗಳು ಬಂದಾಗ ಅವರವರ ಗುಂಪಿನಲ್ಲೇ ಗಲಾಟೆ ಮಾಡಿ ಎತ್ತುತ್ತಾರೆ. ಕೇಳುವುದು ಖಜಾಂಚಿ ಅಲ್ಲ, ಪಕ್ಕ ಕೂತು ಓದಿದ ಗೆಳೆಯ. ಅವನಿಗೆ ಬೈಯಲೂ ಹಕ್ಕಿದೆ. ಮರ್ಯಾದೆಯ ಪ್ರಶ್ನೆಯೂ ಬಂತು. ಸೀನಿಯರ್ ಬ್ಯಾಚು ಮೂರು ದಿನದಲ್ಲಿ ಎತ್ತಿದರೆ ಜೂನಿಯರ್‌ಗಳು ಎರಡು ದಿನದಲ್ಲಿ ಎತ್ತುತ್ತಾರೆ.

ಮೊದಲ ವರ್ಷ ಎರಡು ಬ್ಯಾಚು ಕೈ ಎತ್ತಿದವು. ಒಂದರಲ್ಲಿ ಹದಿನೇಳೇ ಜನ, ಅವರಿಂದ ಆಗುವ ಮಾತೇ ಅಲ್ಲ. ಅದಕ್ಕೇ ಈಗ ಸಣ್ಣ ಬ್ಯಾಚುಗಳನ್ನು ಜೋಡಿ ಮಾಡಿದ್ದೇವೆ. ಎರಡು ತಿಂಗಳ ಸಂಬಳ ಮುಂಚೆಯೇ ಖಾತೆಯಲ್ಲಿ ಇಟ್ಟುಕೊಂಡಿದ್ದೇವೆ. ಪ್ರತಿ ತಿಂಗಳು ಐದನೇ ತಾರೀಖು ಬ್ಯಾಂಕ್ ಪಾಸ್‌ಬುಕ್ಕಿನ ಪುಟದ ಫೋಟೋ ಎಲ್ಲ ಗುಂಪಿಗೂ ಹೋಗುತ್ತದೆ. ಆ ಫೋಟೋ ಒಂದು ಸಲ ತಡವಾದರೆ ಸಾಕು, ಮರುದಿನವೇ ಗುಸುಗುಸು ಶುರು.

ಜಗಳ ಇಲ್ಲ ಅಂತ ಅಲ್ಲ. ಒಂದು ಬ್ಯಾಚಿನವರು "ನಮ್ಮ ದುಡ್ಡು ಇಂಗ್ಲಿಷ್ ಟೀಚರಿಗೆ ಮಾತ್ರ" ಅಂದರು. ಹಾಗೆಲ್ಲ ಆಗಲ್ಲ ಅಂದೆವು. ಇಬ್ಬರು ಸಿಟ್ಟಾಗಿ ಹೋದರು. ಪಿಟಿ ಮೇಷ್ಟ್ರಿಗೂ ಹೊಟ್ಟೆ ಇದೆ, ಅಲ್ವಾ?

ಆಡಿಟ್ ಅಣ್ಣ:

ಚೆನ್ನಾಗಿದೆ. ಒಂದು ಸೇರಿಸುತ್ತೇನೆ. ದೊಡ್ಡ ಮೊತ್ತ ಕೊಡುವವರು ಇದ್ದರೆ ಶಾಶ್ವತ ನಿಧಿಗೆ, ಅಂದರೆ ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ನಿಧಿಗೆ, ಅಂತ ಲಿಖಿತವಾಗಿ ಬರೆದು ಕೊಡಲಿ. ಹಾಗೆ ಬರೆಯದಿದ್ದರೆ ಅದು ಆ ವರ್ಷದ ಆದಾಯವಾಗುತ್ತದೆ, ಅದರ ಶೇ 85 ಭಾಗ ಆ ವರ್ಷವೇ ಖರ್ಚು ಮಾಡಬೇಕಾದ ಲೆಕ್ಕ ಬರುತ್ತದೆ. ಇಪ್ಪತ್ತೈದು ಲಕ್ಷದ ನಿಧಿ ಶೇ 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 1.75 ಲಕ್ಷ ಬಡ್ಡಿ. ತಿಂಗಳಿಗೆ ಹದಿನಾಲ್ಕೂವರೆ ಸಾವಿರ. ಅಂದರೆ ಒಬ್ಬ ವಿಜ್ಞಾನದ ಟೀಚರ್. ಒಂದು ಸಭಾಭವನದ ದುಡ್ಡಿಗೆ ಒಬ್ಬ ಟೀಚರ್ ಕಾಯಂ ಆಗಿ ಸಿಗುತ್ತಾರೆ ಅಂತ ಮಂಡಳಿಯವರಿಗೆ ಹೇಳಿ ನೋಡಿ.

ಬೆಂಗಳೂರಿನ ಅಮ್ಮ:

ಬಡ ಮಕ್ಕಳ ಫೀಸು ಕಟ್ಟುವ ವ್ಯವಸ್ಥೆಯೂ ಇದೆಯಾ? ನನಗೆ ಅದಕ್ಕೆ ಕೊಡಬೇಕು ಅನಿಸುತ್ತಿದೆ. ಒಂದು ಮಗುವನ್ನು ದತ್ತು ತೆಗೆದುಕೊಂಡ ಹಾಗೆ. ಅದರ ಮಾರ್ಕ್ಸ್ ಕಾರ್ಡ್, ಫೋಟೋ ಕಳಿಸಿದರೆ ನನ್ನ ಮಗಳಿಗೂ ತೋರಿಸಬಹುದು.

ಪೇಪರ್ ಹುಡುಗ:

ಈ ಗುಂಪಿನಲ್ಲಿ ಎರಡು ವರ್ಷದಿಂದ ಓದುತ್ತಿದ್ದೇನೆ, ಬರೆದಿದ್ದು ಇದೇ ಮೊದಲು. ಅಮ್ಮನವರೇ, ನಿಮ್ಮ ಮನಸ್ಸು ಒಳ್ಳೆಯದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆ ಫೋಟೋದಲ್ಲಿದ್ದ ಹುಡುಗ. ಏಳನೇ ಕ್ಲಾಸು. ಪೇಟೆಯಿಂದ ಯಾರೋ ಬಂದು ಬಡ ಮಕ್ಕಳಿಗೆ ಶೂ ಕೊಟ್ಟರು. ಹೆಸರು ಕರೆದು ವೇದಿಕೆಗೆ ಹತ್ತಿಸಿದರು. ಶೂ ಕೈಯಲ್ಲಿ ಹಿಡಿದು ಕ್ಯಾಮೆರಾ ನೋಡು ಅಂದರು. ಮಾರನೇ ದಿನ ಪೇಪರಿನಲ್ಲಿ ಬಂತು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನನ್ನು ಕ್ಲಾಸಿನಲ್ಲಿ ಪೇಪರ್ ಹುಡುಗ ಅಂತಲೇ ಕರೆದರು. ಶೂ ಒಂದು ಸೈಜ್ ದೊಡ್ಡದಿತ್ತು, ಮುಂದೆ ಬಟ್ಟೆ ತುರುಕಿಕೊಂಡು ಹಾಕುತ್ತಿದ್ದೆ. ಅಮ್ಮ ಆ ಪೇಪರ್ ಕತ್ತರಿಸಿ ಇಟ್ಟಿದ್ದಳು. ನಾನು ಒಲೆಗೆ ಹಾಕಿದೆ. ಆ ದಿನ ಅಮ್ಮನ ಕೈಯಲ್ಲಿ ಹೊಡೆಸಿಕೊಂಡೆ.

ಅದೇ ಶಾಲೆಯಲ್ಲಿ ಇನ್ನೊಂದೂ ನಡೆಯಿತು. ಎಂಟು, ಒಂಬತ್ತು, ಹತ್ತು, ಮೂರು ವರ್ಷವೂ ಅಪ್ಪ ಫೀಸು ಪೂರ್ತಿ ಕಟ್ಟಿರಲಿಲ್ಲ. ಆಫೀಸಿಗೆ ಕರೆಯುತ್ತಾರೆ ಅಂತ ದಿನಾ ಕಾಯುತ್ತಿದ್ದೆ. ಕರೆಯಲೇ ಇಲ್ಲ. ಟಿಸಿ ತರಲು ಹೋದಾಗ ಬಾಕಿ ಎಷ್ಟು ಅಂತ ಕೇಳಿದೆ. ಗುಮಾಸ್ತರು ರಿಜಿಸ್ಟರ್ ನನ್ನ ಕಡೆ ತಿರುಗಿಸಿ ತೋರಿಸಿದರು. ಬಾಕಿ ಇಲ್ಲ. ಯಾರು ಕಟ್ಟಿದ್ದು ಅಂದರೆ "ನಿಮ್ಮ ಅಪ್ಪನೇ ಇರಬೇಕು" ಅಂದರು. ಅಪ್ಪ ಕಟ್ಟಿರಲಿಲ್ಲ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಗುಮಾಸ್ತರೂ ಈಗಿಲ್ಲ.

ನಾನು ಈಗ ನನ್ನ ಶಾಲೆಗೆ ಇಬ್ಬರ ಫೀಸು ಕಟ್ಟುತ್ತೇನೆ. ಯಾರದ್ದು ಅಂತ ಕೇಳಿಲ್ಲ.

ಬೆಂಗಳೂರಿನ ಅಮ್ಮ:

ಫೋಟೋ ಬೇಡ. ಮಾರ್ಕ್ಸ್ ಕಾರ್ಡೂ ಬೇಡ. ಹೇಳಿದ್ದಕ್ಕೆ ಥ್ಯಾಂಕ್ಸ್.

ಸೀಮೆಸುಣ್ಣ:

ಪೇಪರ್ ಹುಡುಗ, ಇಂಥ ಗುಮಾಸ್ತರು ಎಲ್ಲ ಶಾಲೆಯಲ್ಲೂ ಒಬ್ಬರು ಇರುತ್ತಾರೆ. ಯಾರಿಗೆ ಕಷ್ಟ ಅಂತ ನಮಗಿಂತ ಮೊದಲು ಅವರಿಗೇ ಗೊತ್ತಾಗುವುದು. ನಮ್ಮಲ್ಲಿ ಹಳೆ ವಿದ್ಯಾರ್ಥಿಗಳ ಸಹಾಯದ ದುಡ್ಡನ್ನು ಯಾರಿಗೆ ಅಂತ ತೀರ್ಮಾನ ಮಾಡುತ್ತಿದ್ದುದು ನಾನು ಮತ್ತು ಗುಮಾಸ್ತರು, ಇಬ್ಬರೇ. ಅರ್ಜಿ ಇಲ್ಲ, ಸಂದರ್ಶನ ಇಲ್ಲ. ಆಡಿಟರ್ ಕೇಳಿದರೆ ಮಾತ್ರ ಪಟ್ಟಿ ತೋರಿಸುತ್ತಿದ್ದೆವು.

ಆಡಿಟ್ ಅಣ್ಣ:

ಆಡಿಟರ್‌ಗಳು ಪಟ್ಟಿ ಕೇಳುತ್ತೇವೆ, ಬಾಯಿ ಬಿಡುವುದಿಲ್ಲ. ಹೆಸರು ಹೇಳದೆ ಕೊಡಬೇಕು ಅನ್ನುವವರಿಗೂ ಒಂದು ಮಾತು. ಊರಿಗೆ ಹೆಸರು ಹೇಳಬೇಡಿ, ರಸೀದಿಗೆ ಹೇಳಿ. ಯಾರು ಕೊಟ್ಟರು ಅನ್ನುವ ದಾಖಲೆಯೇ ಇಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಸಂಸ್ಥೆಗೆ ಶೇ 30 ತೆರಿಗೆ ಬೀಳುತ್ತದೆ. ಗುಪ್ತದಾನ ಮಾಡಲು ಹೋಗಿ ಶಾಲೆಗೆ ಹೊರೆ ಮಾಡಬೇಡಿ.

ನೇರಮಾತು:

ನನ್ನ ಅಭಿಪ್ರಾಯ ಬದಲಾಗಿಲ್ಲ. ಸರ್ಕಾರ ಒಂಬತ್ತು ಕಿಲೋಮೀಟರಿಗೆ ಒಂದು ಹೈಸ್ಕೂಲು ಇಟ್ಟು ಸುಮ್ಮನಿದ್ದರೆ ಸರ್ಕಾರವನ್ನು ಕೇಳಬೇಕು. ನೀವೆಲ್ಲ ತಿಂಗಳ ಚೀಟಿ ಎತ್ತಿ ಅದರ ತಪ್ಪನ್ನು ಮುಚ್ಚುತ್ತಿದ್ದೀರಿ. ಆದರೆ ಹನ್ನೊಂದು ಸಾವಿರದ ಟೀಚರ್ ಈ ತಿಂಗಳು ಅಕ್ಕಿ ತರಬೇಕಲ್ಲ, ಅದೂ ಗೊತ್ತು. ಹಿಂದಿನ ಬೆಂಚು, ನಿಮ್ಮ ಸೊಸೈಟಿಯ ಖಾತೆ ನಂಬರು ಖಾಸಗಿಯಾಗಿ ಕಳಿಸಿ. ಸಂಬಳಕ್ಕೆ ಮಾತ್ರ. ಹಾಲ್‌ಗೆ ಒಂದು ಪೈಸೆ ಇಲ್ಲ.

ಹಿಂದಿನ ಬೆಂಚು:

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಏನಾಯಿತು ಅಂತ ಕೆಲವರು ಕೇಳಿದ್ದಿರಿ.

ಮಂಡಳಿಯವರ ಜೊತೆ ಕೂತೆವು. ಎರಡೂವರೆ ಗಂಟೆ. ಹಾಲ್ ಬಿಡುವುದಿಲ್ಲ ಅಂದರು, ಅಡಿಪಾಯಕ್ಕೆ ಆಗಲೇ ಜಲ್ಲಿ ಬಂದು ಬಿದ್ದಿದೆ. ಶಾಶ್ವತ ನಿಧಿಯ ಲೆಕ್ಕ ಹೇಳಿದೆ. ಅಧ್ಯಕ್ಷರು ತಲೆ ಆಡಿಸಿದರು, ಏನೂ ಹೇಳಲಿಲ್ಲ. ಆದರೆ ಶಿಕ್ಷಕರ ನಿಧಿ ಅಂತ ಬೇರೆ ಖಾತೆ ತೆರೆಯಲು ಒಪ್ಪಿದರು. ಪಾಸ್‌ಬುಕ್ ಪುಟ ತಿಂಗಳಿಗೊಮ್ಮೆ ಎಲ್ಲರಿಗೂ ಕಳಿಸಲು ಒಪ್ಪುವುದಕ್ಕೆ ಇನ್ನೂ ಅರ್ಧ ಗಂಟೆ ಹಿಡಿಯಿತು. ನಮ್ಮ ಬ್ಯಾಚು ಆಗಸ್ಟ್ ತಿಂಗಳು ತೆಗೆದುಕೊಂಡಿದೆ. 46 ಜನರಲ್ಲಿ 31 ಜನ ಹೂಂ ಅಂದಿದ್ದಾರೆ. ಒಬ್ಬ ಗುಂಪು ಬಿಟ್ಟು ಹೋದ. ಇಲ್ಲಿಯವರೆಗೆ ಐದು ಬ್ಯಾಚು ಸಿಕ್ಕಿವೆ, ಏಳು ತಿಂಗಳು ಖಾಲಿ.

ನನ್ನ ಒಂದು ಲಕ್ಷ ಪೂರ್ತಿ ಆ ಖಾತೆಗೆ ಹಾಕಿದೆ. ನೇರಮಾತು ಅವರದ್ದೂ ಬಂದಿದೆ. ಟೀಚರ್‌ಗಳಿಗೆ ಬಾಕಿ ಇದ್ದ ಮೂರು ತಿಂಗಳಲ್ಲಿ ಒಂದು ತಿಂಗಳದ್ದು ಹೋಯಿತು. ವಿಜ್ಞಾನದ ಟೀಚರ್ ಫೋನ್ ಮಾಡಿ ದುಡ್ಡಿನ ಮಾತು ಎತ್ತಲೇ ಇಲ್ಲ. ಲ್ಯಾಬಿಗೆ ಲಿಟ್ಮಸ್ ಕಾಗದ ತಂದುಕೊಡ್ತೀಯಾ ಅಂತ ಕೇಳಿದರು.

ಹೊರಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಫ್ಯಾನ್ ತೋರಿಸಿದೆ. ಕೆಪಾಸಿಟರ್ ಹೋಗಿತ್ತಂತೆ. ತೊಂಬತ್ತು ರೂಪಾಯಿ. ಈಗ ತಿರುಗುತ್ತಿದೆ, ಅಪ್ಪನ ಹೆಸರು ಕಾಣುವುದಿಲ್ಲ.

ಆಡಿಟ್ ಅಣ್ಣ:

ಒಂದು ಲಕ್ಷಕ್ಕೆ ರಸೀದಿ ತೆಗೆದುಕೊಂಡಿರಾ?

ಹಿಂದಿನ ಬೆಂಚು:

ಅಯ್ಯೋ. ನಾಳೆ ಫೋನ್ ಮಾಡುತ್ತೇನೆ.